ಏನೂ ಇಲ್ಲದ ಚಿತ್ರ

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕುಂಬ್ರದ ಫ್ರೇಮಿನ ಅಂಗಡಿಯವರು ಹೋದ ವಾರ ತೀರಿಕೊಂಡರೆಂದು ನೆರೆಮನೆಯಾಕೆ ಬಂದು ಹೇಳಿದಳು.

ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವವರು. ಯಾರು ಗಡಿಬಿಡಿ ಮಾಡಿದರೂ, "ನಿಧಾನಕ್ಕೆ ಆಗ್ಲಿ, ಅವಸರ ಎಂತ?" ಎನ್ನುವರು.

ವರ್ಷಗಳ ಹಿಂದೆ ಮಗಳು ತೀರಿಹೋದಾಗ ಫ್ರೇಮು ಹಾಕಲು ಅವಳ ಫೋಟೋ ಕೊಟ್ಟಿದ್ದೆ. ತರಲು ಹೋದವಳಿಗೆ ಅದರತ್ತ ನೋಡಲಾಗಲಿಲ್ಲ.

"ಇದು ಇಲ್ಲೇ ಇರ್ಲಿ ಅಕ್ಕ. ನಿಧಾನಕ್ಕೆ ಆಗ್ಲಿ," ಎಂದು, ಬರೀ ನೀಲಿ ಹಳದಿ ಹರಡಿದ್ದ ಚಿತ್ರವೊಂದನ್ನು ಗೋಡೆಯಿಂದ ಇಳಿಸಿದರು.

"ಇದ್ರಲ್ಲಿ ಎಂತ ಉಂಟು?"

"ಎಂತದೂ ಇಲ್ಲ ಮಾರಾಯ್ರೆ. ಅದಕ್ಕೇ ಕೊಡುದು."

ಕೊಂಡುತಂದು ಮನೆಯ ಗೋಡೆಗೆ ತೂಗುಹಾಕಿದೆ. ಆ ಗೋಡೆಗೆ ಮುಖಮಾಡಿ ಕೂತು ಎರಡು ತುತ್ತು ಉಣ್ಣಲು ಸಾಧ್ಯವಾಯಿತು. ದೇವರ ದಯೆ.

ನೆರೆಯಾಕೆ ಚೀಲದಿಂದ ನನ್ನ ಮಗಳ ಫೋಟೋ ತೆಗೆದಳು. "ಅವರ ಹೆಂಡತಿ ಕೊಟ್ಟದ್ದು. ಅಂಗಡಿ ಖಾಲಿ ಮಾಡ್ತಾರಂತೆ."

ಗಾಜಿನ ಮೇಲೆ ಧೂಳಿರಲಿಲ್ಲ. ಮಗಳ ಮುಖ ನೋಡಿದೆ. ಆಮೇಲೆ ಅನ್ನ ಬಸಿಯಲು ಎದ್ದೆ.