ತಂಗಿಗೆ ಕೊಟ್ಟ ಬಳ್ಳಿ

ತಾಂಡವಪುರದ ಪುಟ್ಟಬಸವಯ್ಯನ ವೀಳ್ಯದೆಲೆ ತೋಟದ ಬಳ್ಳಿ ಕೇಳಿಕೊಂಡು ಸುತ್ತಿನ ಊರುಗಳವರು ಬರುತ್ತಿದ್ದರು. ಯಾರಿಗೂ ಇಲ್ಲವೆಂದವನಲ್ಲ. ೧೯೭೯ರ ಮಳೆಗಾಲದಲ್ಲಿ, ಗಂಡ ತೀರಿಕೊಂಡು ಒಂಟಿಯಾಗಿದ್ದ ತಂಗಿ ಶಿವನಂಜಮ್ಮ ತಾನೂ ತೋಟ ಮಾಡುತ್ತೇನೆಂದಾಗ ಒಳ್ಳೊಳ್ಳೆಯ ಕುಡಿಗಳನ್ನೇ ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ನರಸೀಪುರದ ಕಡೆಯ ಅವಳ ಊರಿಗೆ ಒಯ್ದು ತಾನೇ ನೆಟ್ಟುಬಂದ.

ಹಿಂತಿರುಗಿದ ವಾರಕ್ಕೆ ಅವನ ತೋಟದ ಕೆಳಮೂಲೆಯಲ್ಲಿ ಹತ್ತು ಬಳ್ಳಿ ಬಾಡಿದವು. ನೀರು ಸಾಲದೆಂದುಕೊಂಡು ಕಾಲುವೆ ತಿರುಗಿಸಿದ. ನಾಲ್ಕೇ ದಿನಕ್ಕೆ ಇಡೀ ಸಾಲು ಜೋತುಬಿತ್ತು. ಎಳೆದರೆ ಬಳ್ಳಿ ಕೈಗೇ ಬಂತು. ಬುಡ ಕಪ್ಪಾಗಿ, ಲೋಳೆಯಾಗಿ ನಾರುತ್ತಿತ್ತು.

ನಂಜನಗೂಡಿನಿಂದ ಬಂದ ತೋಟಗಾರಿಕೆ ಅಧಿಕಾರಿ ಶಂಭುಲಿಂಗಪ್ಪ ಬೇರು ಕಿತ್ತು ನೋಡಿದರು.

"ನೀರು ಕಟ್ಟಿದ್ರಾ?"

"ಊಂ ಸಾ. ಬಾಡ್ಕಂಡಿತ್ತಲ್ಲ ಅಂತ."

"ಬಾಯಾರಿ ಬಾಡಿದ್ದಲ್ಲ, ಬೇರು ಕೊಳೆತು ಬಾಡಿದ್ದು. ಈ ರೋಗ ನೀರಲ್ಲೇ ಈಜ್ಕೊಂಡು ಹೋಗುತ್ತೆ. ಮೈಲುತುತ್ತ, ಸುಣ್ಣ ಕಲಸಿ ಹುಯ್ದು ನೋಡಿ. ಇಲ್ಲಿಂದ ಯಾರಿಗೂ ಕುಡಿ ಕೊಡಬೇಡಿ."

ತಂಗಿಗೆ ಕೊಟ್ಟದ್ದನ್ನು ಪುಟ್ಟಬಸವಯ್ಯ ಬಾಯಿಬಿಡಲಿಲ್ಲ. ಅವಳಿಗೂ ಹೇಳಿಕಳಿಸಲಿಲ್ಲ. ಅಲ್ಲಿಯ ಮಣ್ಣು ಬೇರೆ, ಆ ಕುಡಿಗಳು ಚೆನ್ನಾಗಿಯೇ ಇದ್ದವು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಔಷಧಿ ಹುಯ್ದ. ಮಳೆ ಬಿಡದೆ ಅದನ್ನು ತೊಳೆದುಹಾಕಿತು. ದೀಪಾವಳಿಯ ಹೊತ್ತಿಗೆ ಬಳ್ಳಿ ಹಬ್ಬಿಸಿದ್ದ ಅಗಸೆ ಮರಗಳಷ್ಟೇ ಉಳಿದವು.

ಆಗ ತಂಗಿಯ ಊರಿಗೆ ಹೋದ. ಶಿವನಂಜಮ್ಮ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಬಾಡಿದ ಬಳ್ಳಿಗಳ ಬುಡಕ್ಕೆ ಕೊಡದಿಂದ ನೀರು ಹುಯ್ಯುತ್ತಿದ್ದಳು.

"ಉಯ್ಬ್ಯಾಡ ಕಣವ್ವ," ಎಂದ. "ನೀರಿಂದ್ಲೇ ಈ ರೋಗ ಅಬ್ಬೋದು."

"ನಿಂಗ್ಯಾವಾಗ ಗೊತ್ತಾಯ್ತಣ್ಣ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇಲ್ಲಿ ನೆಟ್ಟು ಓದ ಅದಿನೈದು ದಿನ್ಕೆ."

ಅವಳು ಕೊಡ ಕೆಳಗಿಟ್ಟಳು. "ಮೂರ್ ತಿಂಗ್ಳಿಂದ ನೀರ್ ಒತ್ತಿವ್ನಲ್ಲಣ್ಣ," ಎಂದಳು. ಉಣ್ಣು ಬಾ ಎಂದು ಕರೆಯಲಿಲ್ಲ.

ಅವಳ ತೋಟದ ನೀರು ಬಸಿದುಹೋಗುತ್ತಿದ್ದುದು ಕೆಳಗಿನ ಬೆಟ್ಟಯ್ಯನ ವೀಳ್ಯದೆಲೆ ತೋಟಕ್ಕೆ. ಮುಂದಿನ ಮಳೆಗೆ ಅದೂ ಕೊಳೆಯಿತು. ಶಿವನಂಜಮ್ಮ ನಾಟಿ ಕೂಲಿಗೆ ಹೋಗತೊಡಗಿದಳು.

ಪುಟ್ಟಬಸವಯ್ಯ ಅದೇ ನೆಲದಲ್ಲಿ ಎರಡು ಸಲ ಬಳ್ಳಿ ನೆಟ್ಟ. ಎರಡೂ ಸಲ ನೆಲ ಅದನ್ನು ತಿಂದುಹಾಕಿತು. ಕುಡಿ ಕೇಳಲು ಹೋದಾಗ ಕವಲಂದೆಯ ಪರಿಚಯದವರು ಅವನ ಕಾಲಿನ ಮಣ್ಣಲ್ಲಿ ರೋಗ ಬಂದೀತೆಂದು ಹೆದರಿ ಬದುವಿನ ಮೇಲೇ ನಿಲ್ಲಿಸಿ ಮಾತಾಡಿದರು. ಅವನಿಗೆ ಸಿಟ್ಟು ಬರಲಿಲ್ಲ. ಅವರು ಮಾಡಿದ್ದು ಸರಿ ಎಂದೇ ಹೆಂಡತಿಗೆ ಹೇಳಿದ. ೧೯೮೪ರಲ್ಲಿ ಅಗಸೆ ಮರ ಕಡಿಸಿ ರಾಗಿ ಚೆಲ್ಲಿದ. ಮಗಳ ಮದುವೆಗೆ ಕರೆಯಲು ಹೋದಾಗ ತಂಗಿ ನೀರು ಕೊಟ್ಟು ಕೂರಿಸಿದಳು, ಕುಂಕುಮದ ಕಾಗದ ಇಸಿದುಕೊಂಡಳು. ಮದುವೆಗೆ ಬರಲಿಲ್ಲ.