ತಮ್ಮನ ತಂಡಕ್ಕೆ ನಾಲ್ಕು ಅಂಕ ಕಡಿತ

ಆಫ್‌ಸೈಡ್ ಎಂದರೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಫುಟ್‌ಬಾಲ್ ಪಂದ್ಯವೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವಳೂ ಅಲ್ಲ. ಆದರೆ ಯೂರೋಪಿನ ದೊಡ್ಡ ಕ್ಲಬ್ಬುಗಳು ತಮ್ಮ ಆದಾಯಕ್ಕಿಂತ ಎಷ್ಟು ಹೆಚ್ಚು ಖರ್ಚು ಮಾಡಬಹುದು, ಮಿತಿ ಮೀರಿದರೆ ಏನಾಗುತ್ತದೆ ಎಂದು ಕೇಳಿ, ಅರ್ಧ ಗಂಟೆ ಮಾತಾಡಬಲ್ಲೆ. ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸಿಗೆ ಈ ಪಾಂಡಿತ್ಯ ಬಂದದ್ದು ತಮ್ಮ ನಾಗರಾಜನಿಂದ.

ನಾಗು ಅತ್ತಿಗುಪ್ಪೆಯಲ್ಲಿದ್ದಾನೆ. ವಿಮಾ ಕಚೇರಿಯಲ್ಲಿ ಕೆಲಸ, ವಯಸ್ಸು ನಲವತ್ತೆಂಟು, ಮಂಡಿ ಎರಡೂ ನೋಯುತ್ತವೆ. ಆದರೂ ಭಾನುವಾರ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಮೈದಾನದಲ್ಲಿ ಆಡಲೇಬೇಕು. ನಲವತ್ತು ದಾಟಿದವರ ಆರು ತಂಡಗಳು ಅಲ್ಲಿ ಪ್ರತಿ ವರ್ಷ ಟೂರ್ನಿ ನಡೆಸುತ್ತವೆ; ಅತ್ತಿಗುಪ್ಪೆ ತಂಡಕ್ಕೆ ನಾಗುವೇ ನಾಯಕ. ಹೋದ ವರ್ಷ ನಂದಿನಿ ಲೇಔಟ್ ತಂಡದ ನಾಯಕ ಪ್ರಕಾಶ್ ಕಪ್ ಗೆಲ್ಲುವ ಹಟಕ್ಕೆ ಬಿದ್ದು, ಹೆಂಡತಿಯ ಸರ ಅಡವಿಟ್ಟು, ಹಿಂದೆ ರಾಜ್ಯಕ್ಕೆ ಆಡಿದ್ದ ಇಬ್ಬರನ್ನು ಕರೆಸಿದ. ಕಪ್ ಬರಲಿಲ್ಲ. ತಂಡ ಮುಚ್ಚುವ ಸ್ಥಿತಿಗೆ ಬಂತು, ಆ ಮನೆಯಲ್ಲಿ ಮೂರು ತಿಂಗಳು ಮಾತುಕತೆ ಇರಲಿಲ್ಲ.

ಇದನ್ನು ನೋಡಿ ಮರುಗಿದ ನಾಗುವೇ ನಿಯಮ ತಂದ. ಯೂರೋಪಿನಲ್ಲಿರುವ ಹಾಗೆ ಇಲ್ಲೂ ಇರಲಿ ಎಂದ. ಸದಸ್ಯರ ಚಂದಾ, ಜರ್ಸಿಯ ಮೇಲಿನ ಜಾಹೀರಾತು, ಇವುಗಳಿಂದ ಬಂದಷ್ಟನ್ನೇ ಖರ್ಚು ಮಾಡಬೇಕು. ಮೀರಿದರೆ ತಪ್ಪಿನ ಗಾತ್ರ ನೋಡಿ ಎರಡರಿಂದ ಆರು ಅಂಕ ಕಡಿತ. ಲೆಕ್ಕ ನೋಡುವವರು ಯಾರು ಎಂಬ ಪ್ರಶ್ನೆ ಬಂದಾಗ ಅವನು ಎದೆಯುಬ್ಬಿಸಿ ನನ್ನ ಹೆಸರು ಹೇಳಿದನಂತೆ.

ನಾನು ಕೆಲಸವನ್ನು ಗಂಭೀರವಾಗಿ ಹಿಡಿದೆ. ಇದು ನನ್ನ ಹಳೆಯ ರೋಗ. ಮದುವೆ ಮನೆಯ ಊಟದ ಚೀಟಿಯನ್ನೂ ಕೂಡಿ ನೋಡುವವಳು ನಾನು. ಯೂರೋಪಿನವರ ನಿಯಮಗಳನ್ನು ಓದಿದೆ. ಅಲ್ಲಿ ಆಟಗಾರನನ್ನು ಕೊಳ್ಳಲು ಕೊಟ್ಟ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ನಾಗು ಅದನ್ನೇ ಹಿಡಿದು, "ಬೂಟು ಮೂರು ವರ್ಷ ಬಾಳಿಕೆ ಬರುತ್ತೆ ಅಕ್ಕ, ಈ ವರ್ಷಕ್ಕೆ ಮೂರರಲ್ಲಿ ಒಂದು ಭಾಗ ಮಾತ್ರ ಬರಿ" ಎಂದ. ನ್ಯಾಯವಾಗಿತ್ತು, ಹಾಗೇ ಬರೆದೆ. ಅಲ್ಲಿನ ಇನ್ನೊಂದು ಕಸರತ್ತು ಏನೆಂದರೆ, ಮಾಲೀಕನ ನಂಟಿನ ಕಂಪನಿಯೇ ಪ್ರಾಯೋಜಕನಾಗಿ ಬಂದು ದುಬಾರಿ ಬೆಲೆಗೆ ಜಾಹೀರಾತು ಕೊಡುವುದು. ಆಗ ಅಧಿಕಾರಿಗಳು ಆ ಜಾಹೀರಾತಿಗೆ ಪೇಟೆಯಲ್ಲಿ ನಿಜಕ್ಕೂ ಎಷ್ಟು ಸಿಗುತ್ತಿತ್ತು ಎಂದು ನೋಡುತ್ತಾರೆ.

ಲೀಗ್ ಪಂದ್ಯಗಳು ಮುಗಿಯಲು ಎರಡು ವಾರವಿದ್ದಾಗ ಅತ್ತಿಗುಪ್ಪೆಯವರ ಫೈಲು ಬಂತು. ಅಂಕಪಟ್ಟಿಯಲ್ಲಿ ಅವರೇ ಮೊದಲು. ಇಬ್ಬರು ಹೊಸ ಆಟಗಾರರಿಗೆ ಪೆಟ್ರೋಲ್ ಖರ್ಚು ಎಂದು ಧಾರಾಳವಾಗಿ ಬರೆದಿತ್ತು. ಆ ಪೆಟ್ರೋಲಿನಲ್ಲಿ ಕಾಶಿಗೆ ಹೋಗಿ ಬರಬಹುದಿತ್ತು. ಆದಾಯದ ಕಡೆ, ಜರ್ಸಿ ಜಾಹೀರಾತು: ನಲವತ್ತು ಸಾವಿರ. ಉಳಿದ ತಂಡಗಳಿಗೆ ಎಂಟು ಸಾವಿರ ದಾಟಿರಲಿಲ್ಲ. ಜಾಹೀರಾತಿನ ಒಪ್ಪಂದ ತಿರುಗಿಸಿದರೆ ಕೆಳಗಿದ್ದದ್ದು ನನ್ನ ಗಂಡನ ಸಹಿ. ಬಸವೇಶ್ವರನಗರದಲ್ಲಿ ನಮ್ಮದೊಂದು ಬೇಕರಿಯಿದೆ.

"ಏನ್ರೀ ಇದು?" ಎಂದೆ.

"ಜಾಹೀರಾತು ಕಣೇ. ನಾಗು ಕೇಳ್ದ, ಕೊಟ್ಟೆ."

"ಆ ಮೈದಾನಕ್ಕೆ ನೋಡೋಕೆ ಬರೋರು ಹನ್ನೆರಡು ಜನ. ಅದ್ರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ಯಾರು ತಿಂತಾರೆ ನಿಮ್ಮ ಕೇಕು?"

ಅವರು ಪೇಪರು ಅಡ್ಡ ಹಿಡಿದುಕೊಂಡರು.

ಸುಮ್ಮನಿದ್ದುಬಿಡಬಹುದಿತ್ತು. ಆ ಫೈಲನ್ನು ನನ್ನ ಬಿಟ್ಟು ಯಾರೂ ತೆರೆಯುತ್ತಿರಲಿಲ್ಲ. ಎರಡು ದಿನ ಅದು ಟೀಪಾಯಿಯ ಮೇಲೇ ಇತ್ತು. ಆರು ತಂಡಗಳ ನಾಯಕರ ಸಮಿತಿಗೆ ಫೋನು ಮಾಡಿ, ಇದು ನನ್ನ ಮನೆಯದೇ ವಿಷಯ, ಬೇರೆಯವರಿಂದ ನೋಡಿಸಿ ಎಂದೆ. ಫೋನು ಎತ್ತಿದವನು ಪ್ರಕಾಶ್. "ನಿಮ್ಮನ್ನ ಬಿಟ್ರೆ ಯಾರಿಗೂ ಅರ್ಥ ಆಗಲ್ಲ ಮೇಡಂ. ನೀವು ಏನ್ ಬರೆದ್ರೂ ಒಪ್ಕೋತೀವಿ" ಎಂದ. ಮಾರನೆಯ ದಿನ ಕೂತು ಬರೆದೆ: ಜಾಹೀರಾತಿನ ನ್ಯಾಯವಾದ ಬೆಲೆ ಎಂಟು ಸಾವಿರ, ಉಳಿದದ್ದು ಆದಾಯವಲ್ಲ, ನಾಲ್ಕು ಅಂಕ ಕಡಿತ. ನಾಗುವನ್ನು ಹೊರಗೆ ಕೂರಿಸಿ ಸಮಿತಿ ಅದನ್ನು ಒಪ್ಪಿತು. ಯೂರೋಪಿನಲ್ಲಾದರೆ ವಕೀಲರು ವರ್ಷಗಟ್ಟಲೆ ಎಳೆಯುತ್ತಿದ್ದರು. ಇಲ್ಲಿ ಎರಡು ಲೋಟ ಕಾಫಿಯಲ್ಲಿ ಮುಗಿಯಿತು.

ನಾಗು ಅಂದೇ ಫೋನು ಮಾಡಿದ. "ಅಕ್ಕ, ಹುಡುಗರಿಗೆ ನಾನ್ ಏನ್ ಮುಖ ತೋರಿಸ್ಲಿ?" ಎಂದ. ಆ ಹುಡುಗರಲ್ಲಿ ಒಬ್ಬರಿಗೆ ಮೊಮ್ಮಗಳಿದ್ದಾಳೆ. ನಗು ಬರಲಿಲ್ಲ, ಯಾಕೆಂದರೆ ಅವನ ದನಿ ಒಡೆದಿತ್ತು. ಉಳಿದ ಪಂದ್ಯಗಳನ್ನು ಅವರು ಚೆನ್ನಾಗಿಯೇ ಆಡಿದರಂತೆ. ಆದರೂ ಒಂದೇ ಒಂದು ಅಂಕದಿಂದ ಫೈನಲ್ ತಪ್ಪಿತು.

ಆಮೇಲೆ ಎರಡು ತಿಂಗಳು ಅವನ ಫೋನಿಲ್ಲ. ಅವನ ಹೆಂಡತಿಯೇ ಮಾಡಿ, "ಊಟ ಮಾಡ್ತಿದಾರೆ, ಚೆನ್ನಾಗಿದಾರೆ" ಎಂದು ಆಸ್ಪತ್ರೆಯಿಂದ ಹೇಳುವವಳ ಹಾಗೆ ವರದಿ ಕೊಡುತ್ತಿದ್ದಳು. ಗೌರಿ ಹಬ್ಬ ಬಂತು. ಆ ದಿನ ತವರಿನ ಸೀರೆ ಹಿಡಿದು ಬೆಳಿಗ್ಗೆ ಏಳಕ್ಕೇ ಬರುವವನು ಹನ್ನೆರಡಾದರೂ ಬರಲಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಇಡುತ್ತಿದ್ದೆ. ಒಂದು ಗಂಟೆಗೆ ಗೇಟು ಕಿರ್ರೆಂದಿತು.

ಸೀರೆ ಕೊಟ್ಟ, ಎಲೆಯ ಮುಂದೆ ಕೂತ. ಕೋಸಂಬರಿ, ಪಲ್ಯ, ಹುಳಿ, ಎಲ್ಲ ಮುಗಿಯುವವರೆಗೆ ಮಾತಿಲ್ಲ. ಹೋಳಿಗೆ ಬಡಿಸುವಾಗ ತಲೆಯೆತ್ತಿದ.

"ಒಂದು ಕೇಳ್ತೀನಿ, ನಿಜ ಹೇಳು. ಬೇರೆ ಟೀಮ್ ಆಗಿದ್ರೂ ನಾಲ್ಕೇ ಬರೀತಿದ್ಯಾ?"

ಮೂವತ್ತು ವರ್ಷ ಜನರಿಗೆ ಇಂಥ ಪ್ರಶ್ನೆ ಕೇಳಿದವಳು ನಾನು, ಯಾರೂ ನನಗೆ ಕೇಳಿರಲಿಲ್ಲ. ಯೋಚಿಸಿದೆ. ಬರೆಯುವಾಗ ತಲೆಯಲ್ಲಿದ್ದದ್ದು ತಮ್ಮ, ಗಂಡ, ಫೋನಿನಲ್ಲಿ ಪ್ರಕಾಶನ ದನಿ; ನಮ್ಮವರೆಂದು ಬಿಟ್ಟಳು ಎಂದು ಯಾರೂ ಅನ್ನಬಾರದಿತ್ತು.

"ಇಲ್ಲ ಕಣೋ" ಎಂದೆ. "ಎರಡು ಬರೀತಿದ್ದೆ."

ನನ್ನ ಗಂಡ ತಿನ್ನುವುದನ್ನು ನಿಲ್ಲಿಸಿದರು. ನಾಗು ಹೋಳಿಗೆಯ ತುಂಡೊಂದನ್ನು ಮುರಿದ. ಆಮೇಲೆ ಅವನ ಮುಖ ಸಡಿಲವಾಯಿತು. "ನಂಗೂ ಹಾಗೇ ಅನ್ಸಿತ್ತು. ಯೂರೋಪಲ್ಲಾಗಿದ್ರೆ ಅಪೀಲ್ ಹಾಕಿರ್ತಿದ್ದೆ" ಎಂದ.

ಮುಗಿದ ಟೂರ್ನಿಯ ಅಂಕಗಳನ್ನು ವಾಪಸ್ ಕೊಡಲು ಯಾವ ನಿಯಮದಲ್ಲೂ ಅವಕಾಶವಿರಲಿಲ್ಲ. ಅವನ ಎಲೆಗೆ ಇನ್ನೆರಡು ಹೋಳಿಗೆ ಹಾಕಿದೆ. ಬೇಡವೆನ್ನಲಿಲ್ಲ.