ಪೆನಾಲ್ಟಿ ಬಾಕ್ಸಿನ ಬಾಗಿಲು ಕಾಯ್ದದ್ದು

ಮಂಜುಗಡ್ಡೆ ಎಂದರೆ ನನಗೆ ಹುಬ್ಬಳ್ಳಿಯ ಕಬ್ಬಿನಹಾಲಿನ ಅಂಗಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿದ್ದ ವಸ್ತು. ಅದರ ಮೇಲೆ ಮನುಷ್ಯರು ನಿಲ್ಲುತ್ತಾರೆ, ಓಡುತ್ತಾರೆ, ಒಬ್ಬರನ್ನೊಬ್ಬರು ಗೋಡೆಗೆ ಅದುಮುತ್ತಾರೆ ಎಂಬುದೆಲ್ಲ ನಲವತ್ತು ದಾಟಿದ ಮೇಲೆ ತಿಳಿದದ್ದು. ಅಂಥ ನಾನು ಒಂದು ವಾರದ ಮಟ್ಟಿಗೆ ಅಂತರರಾಷ್ಟ್ರೀಯ ಐಸ್ ಹಾಕಿ ಪಂದ್ಯಾವಳಿಯಲ್ಲಿ ಅಧಿಕಾರಿಯಾಗಿದ್ದೆ. ನನ್ನ ಅಧಿಕಾರದ ವ್ಯಾಪ್ತಿ ಒಂದು ಬಾಗಿಲು.

ಆಗ ನಾವು ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿದ್ದೆವು. ನಾನು ಆಸ್ಪತ್ರೆಯಲ್ಲಿ ನರ್ಸ್, ಮೈಸೂರಿನವರಾದ ನನ್ನ ಯಜಮಾನರು ಸಾಫ್ಟ್‌ವೇರಿನಲ್ಲಿ, ಹನ್ನೆರಡು ವರ್ಷದ ಮಗಳು ನಮ್ಮಿಬ್ಬರನ್ನೂ ತಿದ್ದುವ ಕೆಲಸದಲ್ಲಿ. ಪಕ್ಕದ ಮನೆಯಾಕೆ ಕಿವಿ. ಇಲ್ಲಿಯವರು ತಮ್ಮನ್ನು ಹಾಗೆಂದೇ ಕರೆದುಕೊಳ್ಳುತ್ತಾರೆ. ಹುಬ್ಬಳ್ಳಿಯ ನನ್ನ ತಂಗಿಗೆ ಇದು ಇವತ್ತಿಗೂ ನಗು ತರಿಸುವ ವಿಷಯ. ಪಕ್ಕದ ಮನೆಯಾಕೆಯ ಹದಿನಾರು ವರ್ಷದ ಮಗಳು ದೇಶದ ಹದಿನೆಂಟರೊಳಗಿನ ಹುಡುಗಿಯರ ಐಸ್ ಹಾಕಿ ತಂಡದಲ್ಲಿದ್ದಳು. ಪ್ರತಿ ವರ್ಷ ಅರ್ಹತಾ ಪಂದ್ಯಾವಳಿಗೆಂದು ಈ ಹುಡುಗಿಯರು ಭೂಮಿಯ ಆಚೆ ತುದಿಗೆ ಹೋಗುತ್ತಿದ್ದರು. ಗೆದ್ದ ತಂಡ ಒಂದು ಮೆಟ್ಟಿಲು ಮೇಲಕ್ಕೆ, ಉಳಿದವರು ಇದ್ದಲ್ಲೇ. ಆ ವರ್ಷ ಪಂದ್ಯಾವಳಿ ನಮ್ಮೂರಿಗೇ ಬಂದಿತ್ತು.

ಜನವರಿಯ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಆಕೆ ಬೇಲಿಯ ಮೇಲಿಂದ ಕೇಳಿದಳು, ಸ್ವಯಂಸೇವಕರು ಸಾಲುತ್ತಿಲ್ಲ, ನೀನು ರಜೆಯಲ್ಲಿದ್ದೀಯಲ್ಲ, ಬರುತ್ತೀಯಾ ಎಂದು. ಈ ದೇಶದಲ್ಲಿ ‘ಯೆಹ್, ನಾ’ ಎಂದರೆ ಇಲ್ಲ ಎಂದರ್ಥ. ‘ನಾ, ಯೆಹ್’ ಎಂದರೆ ಹೌದು. ಕೊನೆಗೆ ಬಂದ ಶಬ್ದವೇ ತೀರ್ಪು. ಏಳು ವರ್ಷ ಇಲ್ಲಿ ಬಾಳಿದ ನನಗೆ ಇದು ಗೊತ್ತಿತ್ತು. ಆದರೆ ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿದ್ದೆ, ಅವಸರದಲ್ಲಿ ಅದು ತಿರುವುಮುರುವಾಗಿ ಹೊರಬಿತ್ತು. ಆಕೆ ಬೇಲಿ ಸುತ್ತಿ ಬಂದು ನನ್ನನ್ನು ಅಪ್ಪಿಕೊಂಡು ಹೋದಳು.

ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದ ಯಜಮಾನರು ಕೇಳಿದರು, “ಏನ್ ಹೇಳ್ದೆ ಅವ್ರಿಗೆ?”

“ಆಗೂದಿಲ್ಲ ಅಂದೆ.”

“ಮತ್ಯಾಕ್ ಹಂಗ್ ತಬ್ಕೊಂಡ್ರು?”

ನರ್ಸ್ ಎಂದು ಕರೆದಿದ್ದಾರೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಕೂರುವ ಕೆಲಸವಿರಬಹುದು ಎಂದುಕೊಂಡು ಹೋದೆ. ಅಲ್ಲಿ ಡಾಕ್ಟರು ಆಗಲೇ ಇದ್ದರು, ಪ್ರತಿ ತಂಡಕ್ಕೆ ತನ್ನದೇ ಫಿಸಿಯೊ ಇದ್ದರು. ಉಳಿದಿದ್ದದ್ದು ಪೆನಾಲ್ಟಿ ಬಾಕ್ಸಿನ ಬಾಗಿಲು. ಆಟದಲ್ಲಿ ತಪ್ಪು ಮಾಡಿದ ಹುಡುಗಿ ಎರಡು ನಿಮಿಷ ಬಂದು ಕೂರುವ ಗಾಜಿನ ಗೂಡು ಅದು. ಅಷ್ಟು ಹೊತ್ತು ಅವಳ ತಂಡ ಒಬ್ಬಳು ಕಡಿಮೆಯಾಗಿ ಆಡಬೇಕು. ಎರಡು ಗೂಡುಗಳ ನಡುವೆ ಗಡಿಯಾರ ನೋಡಿಕೊಳ್ಳುವ ಒಬ್ಬ ಅಜ್ಜ ಕೂರುತ್ತಿದ್ದರು. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬಾಗಿಲುಗಳ ವಿಷಯದಲ್ಲಿ ಅವರ ಮಾತೇ ಕೊನೆ.

ಅವರು ನನಗೆ ಪಾಠ ಮಾಡಿದರು. ಹುಡುಗಿ ಬಂದಳೋ, ತೆಗೆ, ಹಾಕು. ಸಮಯ ಸೊನ್ನೆಗೆ ಬಂತೋ, ತೆಗೆ. ಒಂದು ಕ್ಷಣ ಮೊದಲೂ ಬೇಡ, ಒಂದು ಕ್ಷಣ ತಡವೂ ಬೇಡ. ಎಷ್ಟು ಸಮಯ ಉಳಿದಿದೆ ಎಂದು ಕೇಳಿದರೆ ಹೇಳಬಹುದು. ಸಮಾಧಾನ ಮಾಡಬಾರದು, ಬುದ್ಧಿ ಹೇಳಬಾರದು, ಯಾರ ಪರವಾಗಿಯೂ ಕೂಗಬಾರದು.

“ತಿಂಡಿ?” ಎಂದು ಕೇಳಿದೆ.

ಅವರು, “ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬೇಡ,” ಎಂದರು.

ಹೊರಗೆ ಜನ ಚಡ್ಡಿ, ಜಾಂಡಲ್ಸ್ ಎನ್ನುವ ರಬ್ಬರ್ ಚಪ್ಪಲಿಯಲ್ಲಿ ಐಸ್‌ಕ್ರೀಂ ನೆಕ್ಕುತ್ತ ತಿರುಗುವ ಬೇಸಿಗೆ. ಒಳಗೆ ಹಲ್ಲು ಕಟಕಟ ಎನ್ನುವ ಚಳಿ. ಮೊದಲ ದಿನ ಕಾರ್ಡಿಗನ್ ಹಾಕಿಕೊಂಡು ಹೋಗಿ ಮರಗಟ್ಟಿ ಬಂದೆ. ಮಾರನೆಯ ದಿನ ಯಜಮಾನರು ಒನೆಹುಂಗಾದ ಹಳೆಯ ಸಾಮಾನಿನ ಅಂಗಡಿಯಿಂದ ದಪ್ಪನೆಯ ಸ್ಕೀ ಗ್ಲವ್ಸ್ ತಂದುಕೊಟ್ಟರು. ನಾನು ಟ್ರಂಕಿನ ತಳದಿಂದ ಅಪ್ಪನ ಕಂದು ಬಣ್ಣದ ಮಂಕಿ ಕ್ಯಾಪ್ ತೆಗೆದೆ.

ಮಗಳು ಬಾಗಿಲಿಗೆ ಅಡ್ಡ ನಿಂತಳು. “ಅಮ್ಮಾ, ನೋ. ಪ್ಲೀಸ್. ಇಟ್ಸ್ ಆನ್ ದ ಲೈವ್‌ಸ್ಟ್ರೀಮ್!”

“ಛಲೋ ಆತು. ನಮ್ಮವ್ವಾರು ನೋಡ್ಲಿ,” ಎಂದು ಹೊರಟೆ.

ಆ ದಿನವೇ ನನ್ನ ಗೂಡಿಗೆ ಹದಿನೇಳನೆಯ ನಂಬರಿನ ಹುಡುಗಿ ಬಂದದ್ದು. ನನ್ನದು ಪರದೇಶದ ತಂಡಗಳ ಕಡೆಯ ಬಾಗಿಲು. ಅವಳ ದೇಶವನ್ನು ಭೂಪಟದಲ್ಲಿ ತೋರಿಸು ಎಂದಿದ್ದರೆ ನಾನು ಬೆರಳನ್ನು ಯುರೋಪಿನ ಮೇಲೆ ಸುಮ್ಮನೆ ಆಡಿಸುತ್ತಿದ್ದೆ. ತಂಡದಲ್ಲೆಲ್ಲ ಪುಟ್ಟವಳು. ಎದುರಿಗೆ ಬಂದ ತನ್ನ ಎರಡರಷ್ಟು ದೊಡ್ಡ ಹುಡುಗಿಯೊಬ್ಬಳನ್ನು ಕೋಲು ಅಡ್ಡಹಾಕಿ ಬೀಳಿಸಿದಳು, ರೆಫರಿಯ ಶಿಳ್ಳೆ ಕೇಳಿತು, ಬಿರುಗಾಳಿಯಂತೆ ಒಳಗೆ ನುಗ್ಗಿ ಕೋಲನ್ನು ನೆಲಕ್ಕೆ ಅಪ್ಪಳಿಸಿ ಬೆಂಚಿನ ಮೇಲೆ ಬಿದ್ದಳು. ನಾನು ಗಾಬರಿಯಾಗಿ, ಅಭ್ಯಾಸಬಲದಿಂದ, ಅವಳ ಕೈಹಿಡಿದು ನಾಡಿ ಹುಡುಕಲು ಹೊರಟೆ. ಅವಳ ಗ್ಲವ್ಸಿನ ಮೇಲೆ ನನ್ನ ಗ್ಲವ್ಸ್. ಏನು ಸಿಕ್ಕೀತು?

ಅವಳು ತಲೆಯೆತ್ತಿ ನೋಡಿದಳು. ಕಣ್ಣು ಮೂಗು ಬಿಟ್ಟು ಬೇರೇನೂ ಕಾಣದ ನಾನು. ಹೆಲ್ಮೆಟ್ಟಿನ ಕಬ್ಬಿಣದ ಜಾಲರಿಯ ಹಿಂದೆ ಕಣ್ಣೀರು ಸುರಿಸುತ್ತಿದ್ದ ಅವಳು. ಇಬ್ಬರೂ ಒಂದೊಂದು ಸಲ ಬೆಚ್ಚಿದೆವು. ಸಮಾಧಾನ ಮಾಡಬಾರದು ಎಂಬ ನಿಯಮ ನೆನಪಿತ್ತು. ಆದರೆ ಮೂಗು ಒರೆಸಬಾರದು ಎಂದು ಯಾರೂ ಹೇಳಿರಲಿಲ್ಲ. ಗ್ಲವ್ಸ್ ಕಳಚಿ, ಟಿಶ್ಯೂ ಕಾಗದವನ್ನು ದೀಪದ ಬತ್ತಿಯಂತೆ ಹೊಸೆದು ಜಾಲರಿಯ ತೂತಿನಿಂದ ಒಳಗೆ ತೂರಿಸಿದೆ. ಅವಳು ಅದನ್ನು ಹಲ್ಲಿನಿಂದ ಎಳೆದುಕೊಂಡು, ಮುಸುಡಿ ಅಲ್ಲಾಡಿಸಿ, ಹೇಗೋ ಮಾಡಿ ಮೂಗಿಗೆ ತಾಗಿಸಿಕೊಂಡಳು. ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅವಳಿಗೆ ಇಂಗ್ಲಿಷ್ ಬಾರದು ಎಂದ ಮೇಲೆ ನಾನೇಕೆ ಇಂಗ್ಲಿಷ್ ಆಡಿ ದಣಿಯಲಿ?

“ಆತು ಬಿಡವಾ. ಇನ್ನ ಒಂದ್ ನಿಮಿಷ ಅಷ್ಟ,” ಎಂದೆ.

ಆ ಹುಡುಗಿ ಆ ದಿನ ಮೂರು ಸಲ ಬಂದಳು. ಮರುದಿನ ಎರಡು ಸಲ. ಅದರ ಮಾರನೆಯ ದಿನ ಬಂದವಳೇ ಕೋಲನ್ನು ಮೂಲೆಗೆ ಒರಗಿಸಿ, ನೆಂಟರ ಮನೆಗೆ ಬಂದವಳಂತೆ ನನಗೆ ತಲೆಬಾಗಿಸಿ ಕುಳಿತಳು. ರೆಫರಿಯ ಮೇಲೆ ಅವಳಿಗಿದ್ದ ದೂರುಗಳನ್ನು ಹೇಳಿದಳು. ನಮ್ಮ ವಾರ್ಡಿನ ಹೊಸ ಮೇಲ್ವಿಚಾರಕಿಯ ಬಗ್ಗೆ ನಾನೂ ಒಂದೆರಡು ಮಾತು ಹೇಳಿದೆ. ಅಜ್ಜ ಗಾಜಿನ ಆಚೆಯಿಂದ ಎಲ್ಲವನ್ನೂ ನೋಡುತ್ತಿದ್ದರು. ಕಿವಿ ಸ್ವಲ್ಪ ಮಂದ ಎಂದು ಮುಂಚೆಯೇ ಹೇಳಿಕೊಂಡಿದ್ದರು, ಆ ಕಾರಣಕ್ಕೆ ಸುಮ್ಮನಿದ್ದರು ಎಂದೇ ನನ್ನ ನಂಬಿಕೆ.

ಆ ಮಧ್ಯಾಹ್ನ ತಂಗಿಯ ಫೋನು ಬಂತು. ಯಜಮಾನರು ಲೈವ್‌ಸ್ಟ್ರೀಮಿನ ಲಿಂಕನ್ನು ಬಳಗಕ್ಕೆಲ್ಲ ಕಳಿಸಿದ್ದರು, ಏನು ಎತ್ತ ಎಂದು ಒಂದು ಸಾಲು ಬರೆಯದೆ. ಹುಬ್ಬಳ್ಳಿಯಲ್ಲಿ ಬೆಳಗಿನ ತಿಂಡಿಯ ಹೊತ್ತು. ಎಲ್ಲರೂ ಅವಲಕ್ಕಿ ತಟ್ಟೆ ಹಿಡಿದು ಟೀವಿಯ ಮುಂದೆ ಕುಳಿತಿದ್ದರಂತೆ.

“ಅಕ್ಕಾ, ಏನಾತ? ನಿನ್ನ ಯಾಕ ಗಾಜಿನ ಪೆಟಗಿಯೊಳಗ ಹಾಕ್ಯಾರ?”

“ಹಾಕಿಲ್ಲ, ನಾ ಬಾಗಲಾ ಕಾಯಾಕತ್ತೀನಿ.”

“ಆ ಹುಡುಗಿ ಏನ್ ಮಾಡ್ಯಾಳ?”

“ಒಬ್ಬಾಕೀನ್ನ ಕೆಡವ್ಯಾಳ.”

“ಅಯ್ಯ ಶಿವನ, ಅಂಥಾಕಿ ಬಾಜೂ ಕುಂತೀಯಲ್ಲ! ಅವ್ವ ದೇವರ ಮುಂದ ದೀಪಾ ಹಚ್ಚ್ಯಾಳ ನೋಡು.”

ಕೊನೆಯ ದಿನ ನಮ್ಮ ತಂಡಕ್ಕೂ ಹದಿನೇಳನೆಯವಳ ತಂಡಕ್ಕೂ ಪಂದ್ಯ. ಗೆದ್ದವರು ಮೇಲಕ್ಕೆ. ಗ್ಯಾಲರಿ ತುಂಬಿತ್ತು. ಪಕ್ಕದ ಮನೆಯಾಕೆ ಮುಖಕ್ಕೆ ನಮ್ಮ ತಂಡದ ಕಪ್ಪು ಬಿಳಿ ಬಣ್ಣ ಬಳಿದುಕೊಂಡು ಬಂದು ನನ್ನ ಗಾಜನ್ನು ಬಡಿದು ಕೈಬೀಸಿದಳು. ನಾನು ಯಾವ ತಂಡದ ಬಾಗಿಲಲ್ಲಿದ್ದರೂ ಮನಸ್ಸಿನಲ್ಲಿ ನಮ್ಮ ಹುಡುಗಿಯರ ಕಡೆಯೇ ಇದ್ದೆ. ಇದನ್ನು ದೇವರ ಮೇಲೆ ಆಣೆಯಿಟ್ಟು ಹೇಳಬಲ್ಲೆ.

ಎರಡೂ ಕಡೆ ಎರಡೆರಡು ಗೋಲು. ಆಟ ಮುಗಿಯಲು ಐದಾರು ನಿಮಿಷವಿದ್ದಾಗ ಹದಿನೇಳನೆಯವಳು ಯಾರನ್ನೋ ತಳ್ಳಿ ನನ್ನಲ್ಲಿಗೆ ಬಂದಳು. ಈ ಸಲ ತಲೆಬಾಗಿಸಲಿಲ್ಲ. ಮುಂದಕ್ಕೆ ಬಾಗಿ ಕುಳಿತು ಆಟವನ್ನೇ ನೋಡುತ್ತಿದ್ದಳು. ನಮ್ಮ ಹುಡುಗಿಯರು ಎಲ್ಲರೂ ಮುನ್ನುಗ್ಗಿ ಎದುರಾಳಿಯ ಗೋಲಿಗೆ ಮುತ್ತಿಗೆ ಹಾಕಿದ್ದರು. ಗಡಿಯಾರ ಇಳಿಯುತ್ತಿತ್ತು. ನಾನು ಚಿಲಕದ ಮೇಲೆ ಕೈಯಿಟ್ಟೆ. ಅಜ್ಜ ಬೆರಳೆತ್ತಿದರು. ಐದು, ನಾಲ್ಕು, ಮೂರು.

ಸೊನ್ನೆಗೆ ಸರಿಯಾಗಿ ಬಾಗಿಲು ತೆಗೆದೆ. ಅದೇ ಗಳಿಗೆಯಲ್ಲಿ ಚೆಂಡಿನ ಬದಲು ಇವರು ಆಡುವ ಕಪ್ಪು ರಬ್ಬರ್ ಬಿಲ್ಲೆ ಯಾರದೋ ಕೋಲಿಗೆ ತಾಗಿ ಸಿಡಿದು ಮೈದಾನದ ಮಧ್ಯಕ್ಕೆ, ನೇರ ನಮ್ಮ ಬಾಗಿಲಿನ ಮುಂದಕ್ಕೆ ಜಾರಿ ಬಂತು. ಅದರ ಮುಂದೆ ಯಾರೂ ಇಲ್ಲ. ಆ ತುದಿಯಲ್ಲಿ ನಮ್ಮ ಗೋಲ್‌ಕೀಪರ್ ಒಬ್ಬಳೇ. ಆಗ ನನ್ನ ಬಾಯಿಂದ, ನಾನೇನೂ ಯೋಚಿಸದೆ, ಜೀವಮಾನದ ದೊಡ್ಡ ದನಿಯಲ್ಲಿ ಹೊರಬಿದ್ದದ್ದು ಇದು:

“ಓಡವ್ವಾ! ಓಡು!”

ಓಡಿದಳು. ನಮ್ಮವರು ಹಿಂದಿನಿಂದ ಅಟ್ಟಿಸಿಕೊಂಡು ಹೋದರೂ ಸಿಗಲಿಲ್ಲ. ಗೋಲ್‌ಕೀಪರನ್ನು ಎಡಕ್ಕೆ ಬೀಳಿಸಿ ಬಲಗಡೆಯಿಂದ ಗೋಲು ಹಾಕಿದಳು. ಅವರು ಗೆದ್ದರು.

ಪಂದ್ಯ ಮುಗಿದೊಡನೆ ಕೋಟು ತೊಟ್ಟ ಅಧಿಕಾರಿಯೊಬ್ಬರು ಬಂದು, ನೀವು ಆಟಗಾರ್ತಿಗೆ ಏನೋ ಕೂಗಿ ಹೇಳಿದಿರಂತೆ ಎಂದು ಕೇಳಿದರು. ಅಜ್ಜ ಎದ್ದು ನಿಂತು, ಅದು ಈಕೆಯ ಭಾಷೆಯಲ್ಲಿ ‘ಬಾಗಿಲು ಜೋಪಾನ’ ಎಂದರ್ಥ, ನಾನೇ ಹೇಳಿಕೊಟ್ಟದ್ದು, ಬಸ್ಸಿನಲ್ಲಿ ಹೇಳುವ ಹಾಗೆ, ಎಂದರು. ಅಧಿಕಾರಿ ಇಬ್ಬರನ್ನೂ ನೋಡಿ, ಮುಂದಿನ ಸಲ ಸ್ವಲ್ಪ ಮೆತ್ತಗೆ ಹೇಳಿ ಎಂದು ಹೊರಟುಹೋದರು.

ಅಷ್ಟರಲ್ಲಿ ಹದಿನೇಳನೆಯವಳು ಕೊರಳಲ್ಲಿ ಪದಕ ಹಾಕಿಕೊಂಡು ಜಾರುತ್ತ ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಒಂದು ವಾರ ಬೆವರು ಕುಡಿದ ಆ ಗ್ಲವ್ಸಿನ ವಾಸನೆಯನ್ನು ಹೇಗೆ ವರ್ಣಿಸಲಿ? ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ನನಗೇ ಉಸಿರು ಕಟ್ಟಿತು. ಆದರೂ ಬಿಡಿಸಿಕೊಳ್ಳಲಿಲ್ಲ.

ಕಾರಿನಲ್ಲಿ ಮನೆಗೆ ಬರುವಾಗ ಮಗಳು ಹಿಂದಿನ ಸೀಟಿನಿಂದ, “ಯೂ ಲಿಟರಲಿ ಲೆಟ್ ಹರ್ ಔಟ್,” ಎಂದಳು.

“ಟೈಮ್ ಆಗಿತ್ತಲ್ಲ ಪುಟ್ಟಾ, ಬಿಡ್ಲೇಬೇಕು,” ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, “ಕೂಗ್ಬಾರ್ದಿತ್ತು ನೀನು,” ಎಂದರು.

ಪಕ್ಕದ ಮನೆಯಾಕೆ ನಾಲ್ಕು ದಿನ ಬೇಲಿಯ ಬಳಿ ಬರಲಿಲ್ಲ. ಕಸದ ಡಬ್ಬಿ ಹೊರಗಿಡುವಾಗ ಎದುರಾದರೆ ಹವಾಮಾನದ ಬಗ್ಗೆ ಮಾತ್ರ ಮಾತು. ನನಗೆ ನಿಜಕ್ಕೂ ಸಂಕಟವಾಯಿತು. ಆಕೆಯ ಮಗಳು ಬೆಳಗಿನ ಜಾವ ಐದಕ್ಕೆದ್ದು ಅಭ್ಯಾಸಕ್ಕೆ ಹೋಗುವುದನ್ನು ವರ್ಷಗಟ್ಟಲೆ ಕಿಟಕಿಯಿಂದ ಕಂಡವಳು ನಾನು.

ಐದನೆಯ ದಿನ, ಭಾನುವಾರ, ಆ ಹುಡುಗಿಯೇ ಬಾಗಿಲು ತಟ್ಟಿದಳು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, “ಆಂಟಿ, ದೋಸೆ ವಾಸನೆ ಬಂತು,” ಎಂದಳು. ನಾಲ್ಕು ದೋಸೆ ತಿಂದಳು. ಐದನೆಯದನ್ನು ಕಾಯುತ್ತ ಕೇಳಿದಳು: ಚಳಿಗಾಲದಲ್ಲಿ ನಮ್ಮ ಕ್ಲಬ್ ಪಂದ್ಯಗಳಿಗೂ ಬಾಗಿಲಿಗೆ ಬರುತ್ತೀರಾ? ನಮ್ಮಲ್ಲಿ ಈಗ ಇರುವವರು ತುಂಬ ನಿಧಾನ, ಫೋನು ನೋಡುತ್ತ ಕೂತಿರುತ್ತಾರೆ.

ಆ ಚಳಿಗಾಲದ ಶನಿವಾರಗಳೆಲ್ಲ ಅಲ್ಲೇ ಕಳೆದವು. ಮೊದಲ ಪಂದ್ಯದ ಮೂರನೆಯ ನಿಮಿಷಕ್ಕೇ ಪಕ್ಕದ ಮನೆಯ ಹುಡುಗಿ ಒಬ್ಬಳ ಕಾಲಿಗೆ ಕೋಲು ಕೊಟ್ಟು ನನ್ನ ಗೂಡಿಗೆ ಬಂದಳು, ಬರುತ್ತಲೇ, ತಾನೇನೂ ಮಾಡಲಿಲ್ಲ, ಅವಳಾಗಿಯೇ ಬಿದ್ದಳು ಎಂದು ಶುರುಮಾಡಿದಳು.

“ಎಲ್ಲಾರೂ ಹಂಗ ಅಂತಾರವಾ,” ಎಂದು ಬಾಗಿಲು ಹಾಕಿದೆ. “ಕುಂದರು.”